ಇಟಲಿಗೆ ಹೊರಟ ವಿದ್ಯಾರ್ಥಿಗೆ

ಮಗನೋ ಮಗಳೋ ಉನ್ನತ ವ್ಯಾಸಂಗಕ್ಕೆಂದು ಇಟಲಿಗೆ ಹೊರಟರೆ ಮನೆಯಲ್ಲಿ ಎಷ್ಟೊಂದು ಸಿದ್ಧತೆಗಳು ನಡೆಯುವುವು! ತಾಯಿಯು ಚಟ್ನಿಪುಡಿ, ಉಪ್ಪಿನಕಾಯಿಗಳನ್ನು ಕಟ್ಟಿಕೊಡುವಳು. ತಂದೆಯು ಸಾಲದ ಕಾಗದಪತ್ರಗಳನ್ನು ಹೊಂದಿಸುವನು. ಅಜ್ಜಿಯು ಚಳಿಯ ವಿಷಯವಾಗಿ ಹತ್ತು ಬಾರಿ ಎಚ್ಚರಿಸುವಳು. ಆದರೆ ಆ ದೇಶದ ಭಾಷೆಯ ಮಾತೆತ್ತಿದರೆ, “ಪಾಠವೆಲ್ಲ ಇಂಗ್ಲಿಷಿನಲ್ಲಿಯೇ ನಡೆಯುವುದಂತೆ, ಇನ್ನೊಂದು ಭಾಷೆಯ ಹೊರೆ ಏಕೆ?” ಎಂಬ ಉತ್ತರವು ಬರುವುದು. ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಮಿಕ್ಕ ಅರ್ಧವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

1088ರಲ್ಲಿ ಹುಟ್ಟಿತೆಂದು ಎಣಿಸಲಾಗುವ ಬೊಲೋನ್ಯದ ವಿಶ್ವವಿದ್ಯಾಲಯದಲ್ಲಿಯೂ, 1222ರಲ್ಲಿ ಸ್ಥಾಪಿತವಾಗಿ ಮುಂದೆ ಗೆಲಿಲಿಯೋ ಹದಿನೆಂಟು ವರ್ಷ ಪಾಠ ಹೇಳಿದ ಪಾದೊವದಲ್ಲಿಯೂ, ಮಿಲಾನ್ ನಗರದಲ್ಲಿಯೂ ಇಂದು ಅನೇಕ ಉನ್ನತ ತರಗತಿಗಳು ಇಂಗ್ಲಿಷಿನಲ್ಲಿ ನಡೆಯುತ್ತಿರುವುದು ನಿಜ. ಆದರೆ ತರಗತಿಯ ಬಾಗಿಲನ್ನು ದಾಟಿದೊಡನೆ ಊರೆಲ್ಲ ಇಟಾಲಿಯನ್ ಮಾತನಾಡುವುದು. ದೀರ್ಘಕಾಲ ನಿಲ್ಲುವ ವಿದ್ಯಾರ್ಥಿಯು ದೇಶವನ್ನು ಹೊಕ್ಕ ಎಂಟು ಕೆಲಸದ ದಿನಗಳೊಳಗಾಗಿ ನಿವಾಸದ ಪರವಾನಗಿಗೆ ಅಂಚೆಕಚೇರಿಯ ಮೂಲಕ ಅರ್ಜಿ ಸಲ್ಲಿಸಬೇಕು. ಅರ್ಜಿಯ ನಮೂನೆಯು ಆ ದೇಶದ ಭಾಷೆಯಲ್ಲಿರುವುದು. ಬಾಡಿಗೆಯ ಕರಾರು, ವೈದ್ಯರ ಚೀಟಿಗಳೂ ಹಾಗೆಯೇ. ಇವಕ್ಕೆಲ್ಲ ಯಾರಾದರೂ ನೆರವಾದಾರು. ಆದರೆ ರಾತ್ರಿ ಊಟದ ಹೊತ್ತಿನಲ್ಲಿ ಜೊತೆಯ ಬಾಡಿಗೆದಾರರು ನಗುವಾಗ, ಅರ್ಥವಾಗದವನು ಮೊದಮೊದಲು ತಾನೂ ಸುಮ್ಮನೆ ನಗುವನು. ಕೆಲವು ದಿನಗಳಾದ ಬಳಿಕ ತಟ್ಟೆಯನ್ನು ತನ್ನ ಕೋಣೆಗೆ ಒಯ್ಯುವನು. ಮನೆಯವರು ಅಂಜಬೇಕಾದುದು ಚಳಿಗಿಂತ ಹೆಚ್ಚಾಗಿ ಈ ಒಂಟಿತನಕ್ಕೆ.

ಸಂತೋಷದ ಸಂಗತಿಯೆಂದರೆ, ಈ ಭಾಷೆಯು ಕನ್ನಡಿಗರ ನಾಲಗೆಗೆ ಒಗ್ಗದುದೇನೂ ಅಲ್ಲ. ಕನ್ನಡದಂತೆಯೇ ಇದರ ಬಹುತೇಕ ಶಬ್ದಗಳು ಸ್ವರದಲ್ಲಿ ಮುಗಿಯುವುವು. ಬರೆಹಕ್ಕೂ ಉಚ್ಚಾರಕ್ಕೂ ಹೊಂದಿಕೆಯುಂಟು. ‘ಕತೆ’ಗೂ ‘ಕತ್ತೆ’ಗೂ ಎಷ್ಟು ಅಂತರವೆಂಬುದು ನಮ್ಮ ಎಳೆಯ ಮಗುವಿಗೂ ಗೊತ್ತು. ಅಲ್ಲಿಯೂ ಹಾಗೆಯೇ: ‘ನೋನೊ’ ಎಂದರೆ ಒಂಬತ್ತನೆಯದು, ‘ನೊನ್ನೊ’ ಎಂದರೆ ಅಜ್ಜ, ‘ಪೇನ’ ಎಂದರೆ ವ್ಯಥೆ, ‘ಪೆನ್ನ’ ಎಂದರೆ ಲೇಖನಿ. ಇಂಗ್ಲಿಷರು ತಡವರಿಸುವ ಈ ದ್ವಿತ್ವವು ನಮಗೆ ಹುಟ್ಟಿನಿಂದ ಬಂದುದು. ಕ್ರಿಯಾಪದದ ತುದಿಯೇ ಕರ್ತೃವನ್ನು ತಿಳಿಸುವುದೂ ನಮ್ಮಲ್ಲಿಯಂತೆಯೇ. ‘ಪಾರ್ಲೊ’ ಎಂದರೆ ‘ಮಾತನಾಡುತ್ತೇನೆ’; ‘ನಾನು’ ಎಂದು ಬೇರೆ ಹೇಳಬೇಕಾಗಿಲ್ಲ. ತೊಡಕಿರುವುದು ಲಿಂಗದಲ್ಲಿ. ಅವರಿಗೆ ಮೇಜು ಗಂಡು, ಕುರ್ಚಿ ಹೆಣ್ಣು! ಇದಕ್ಕೆ ಬಾಯಿಪಾಠವೇ ಉಪಾಯ.

ನಮ್ಮ ಕಿವಿಗೆ ಪರಿಚಿತವೆನಿಸುವ ಶಬ್ದಗಳೂ ಅಲ್ಲಿ ಉಂಟು. ಫ್ಲಾರೆನ್ಸಿನ ವರ್ತಕನಾದ ಫಿಲಿಪ್ಪೊ ಸಸ್ಸೆತ್ತಿಯು ಹದಿನಾರನೆಯ ಶತಮಾನದಲ್ಲಿ ಹಿಂದುಸ್ಥಾನಕ್ಕೆ ಬಂದು, 1588ರಲ್ಲಿ ಗೋವೆಯಲ್ಲಿ ತೀರಿಕೊಂಡನು. ಸಂಸ್ಕೃತದ ಸಪ್ತ, ಅಷ್ಟ, ನವಗಳಿಗೂ ತನ್ನ ನಾಡಿನ ಸೆತ್ತೆ, ಒತ್ತೊ, ನೋವೆಗಳಿಗೂ, ಹಾಗೆಯೇ ದೇವ–ದೀಯೊ, ಸರ್ಪ–ಸೆರ್ಪೆಗಳಿಗೂ ಇರುವ ಹೋಲಿಕೆಯನ್ನು ಕಂಡು ಅವನು ಕಾಗದದಲ್ಲಿ ಬರೆದನು. ಈ ಭಾಷೆಗಳ ನಂಟನ್ನು ಪಂಡಿತರು ಶಾಸ್ತ್ರೀಯವಾಗಿ ವಿವರಿಸಿದುದು ಅವನು ಸತ್ತು ಸುಮಾರು ಇನ್ನೂರು ವರ್ಷಗಳ ಮೇಲೆ.

ಮಾತಿನ ಮರ್ಯಾದೆಯಲ್ಲಿಯೂ ನಮಗೆ ಹೊಸತೇನಿಲ್ಲ. ಗೆಳೆಯರನ್ನು ‘ತು’ ಎಂದು ಏಕವಚನದಿಂದಲೂ, ಗುರುಗಳನ್ನು, ಹಿರಿಯರನ್ನು, ಅಂಗಡಿಯವರನ್ನು ‘ಲೇಯಿ’ ಎಂದು ಗೌರವದಿಂದಲೂ ಕರೆಯುವರು. ಜಗತ್ತೆಲ್ಲ ಬಲ್ಲ ‘ಚಾವೊ’ ಎಂಬ ಪದವು ‘ನಿಮ್ಮ ದಾಸನು’ ಎಂಬರ್ಥದ ವೆನಿಸಿನ ಮಾತಿನಿಂದ ಬಂದುದಾದರೂ, ಇಂದು ಸಲಿಗೆಯವರಿಗೆ ಮಾತ್ರ ಸಲ್ಲುವುದು. ಪ್ರಾಧ್ಯಾಪಕರಿಗೆ ‘ಬೊನ್‌ಜೋರ್ನೊ’ ಎಂದೇ ವಂದಿಸಬೇಕು. ಅಂಗಡಿಯನ್ನು ಹೊಕ್ಕಾಗಲೂ ಮೊದಲು ಇದೇ ಮಾತು, ಸರಕಿನ ಮಾತು ಆಮೇಲೆ. ಪರರ ಮನೆಯ ಹೊಸ್ತಿಲಲ್ಲಿ ‘ಪೆರ್ಮೆಸ್ಸೊ’, ಅಂದರೆ ‘ಒಳಗೆ ಬರಲೇ?’ ಎಂದು ಕೇಳಿ ಕಾಲಿಡುವುದು ಸಂಪ್ರದಾಯ.

ಪರೀಕ್ಷೆಯ ಕ್ರಮವು ನಮ್ಮ ಮಕ್ಕಳನ್ನು ಬೆರಗುಗೊಳಿಸುವುದು. ಅಲ್ಲಿ ಎಷ್ಟೋ ಪರೀಕ್ಷೆಗಳು ಬಾಯಿಯವು. ಗುರುವಿನ ಎದುರು ಕುಳಿತು ಉತ್ತರ ಹೇಳಬೇಕು. ಪೂರ್ಣಾಂಕ 30, ತೇರ್ಗಡೆಗೆ 18, ಅತ್ಯುತ್ತಮನಿಗೆ ಮೂವತ್ತರ ಮೇಲೆ ‘ಲೋದೆ’ ಎಂಬ ಪ್ರಶಂಸೆ. ಬಂದ ಅಂಕ ಒಪ್ಪಿಗೆಯಾಗದಿದ್ದರೆ ಅದನ್ನು ನಿರಾಕರಿಸಿ ಮತ್ತೊಮ್ಮೆ ಕುಳಿತುಕೊಳ್ಳುವ ರೂಢಿಯೂ ಉಂಟು. ಬರೆದು ಬರೆದು ಅಭ್ಯಾಸವಾದವರು ಇಲ್ಲಿ ತಬ್ಬಿಬ್ಬಾಗುವರು. ಆದರೆ ಬಾಯಿಯ ವಿದ್ಯೆಯು ನಮ್ಮ ನಾಡಿಗೆ ಅಪರಿಚಿತವೇ? 1623ರಲ್ಲಿ ಇಕ್ಕೇರಿಯ ವೆಂಕಟಪ್ಪನಾಯಕನ ರಾಜ್ಯಕ್ಕೆ ಬಂದ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲ ವಲ್ಲೆಯು, ಗುಡಿಯ ಮಂಟಪದಲ್ಲಿ ಹುಡುಗರು ಮರಳಿನ ಮೇಲೆ ಬೆರಳಿನಿಂದ ಬರೆಯುತ್ತ, ಒಟ್ಟಾಗಿ ಹಾಡುತ್ತ ಲೆಕ್ಕ ಕಲಿಯುವುದನ್ನು ನಿಂತು ನೋಡಿ, ಮೆಚ್ಚಿ ಬರೆದಿಟ್ಟನು. ಅವನು ಮೆಚ್ಚಿದ ಆ ಪದ್ಧತಿಯೇ ಅವನ ಭಾಷೆಯನ್ನು ಕಲಿಯಲು ಅತ್ಯುತ್ತಮ ಸಾಧನ.

ಇನ್ನು ಅಡಿಗೆಮನೆಯ ಮಾತು. ‘ಲಾತ್ತೆ’ ಎಂದು ಕೇಳಿದರೆ ಬರಿಯ ಹಾಲು ಬರುವುದು. ‘ಕಫ್ಫೆ’ ಎಂದರೆ ಪುಟ್ಟ ಬಟ್ಟಲಿನಲ್ಲಿ ಕಟುವಾದ ಕಾಫಿ. ಹಾಲುಬೆರಸಿದ ಕಪ್ಪುಚ್ಚೀನೊವನ್ನು ಆ ದೇಶದವರು ಬೆಳಿಗ್ಗೆ ಕುಡಿಯುವರು, ಊಟದ ಮೇಲೆ ಕುಡಿಯರು. ‘ಪೆಪೆರೋನಿ’ ಎಂಬುದು ದೊಣ್ಣೆಮೆಣಸಿನಕಾಯಿ. ಸಸ್ಯಾಹಾರಿಗಳು ಹೆಸರನ್ನು ಕೇಳಿ ಬೆದರಬೇಕಾಗಿಲ್ಲ. ಆದರೆ ‘ಕಾರ್ನೆ’ ಎಂಬ ಮಾಂಸದ ಹೆಸರಿನಲ್ಲಿ ಮೀನು ಸೇರುವುದಿಲ್ಲವಾದುದರಿಂದ ‘ಸೆಂತ್ಸ ಕಾರ್ನೆ, ಸೆಂತ್ಸ ಪೆಶ್ಶೆ’, ಅಂದರೆ ‘ಮಾಂಸ ಬೇಡ, ಮೀನು ಬೇಡ’ ಎಂದು ಎರಡನ್ನೂ ಹೇಳತಕ್ಕದ್ದು. ಪಾರ್ಮದ ಸುಪ್ರಸಿದ್ಧ ಗಿಣ್ಣಿಗೆ ಕರುವಿನ ಜಠರದಿಂದ ತೆಗೆದ ಹೆಪ್ಪನ್ನು ಹಾಕುವರೆಂಬುದನ್ನೂ ನೇಮದವರು ತಿಳಿದಿರಬೇಕು. ಹಾಗೆಂದು ಉಪವಾಸವೇನೂ ಬೀಳಬೇಕಾಗಿಲ್ಲ. ಕಡಲೆ, ಹುರುಳಿಬೀಜಗಳೊಡನೆ ಬೇಯಿಸಿದ ಪಾಸ್ತ ಅಲ್ಲಿನ ಬಡವರ ಹಳೆಯ ಊಟ. ಉತ್ತರ ಇಟಲಿಯವರು ಮುಸುಕಿನ ಜೋಳದ ಹಿಟ್ಟನ್ನು ಕುದಿಯುವ ನೀರಿನಲ್ಲಿ ತೊಳಸಿ ಮಾಡುವ ‘ಪೊಲೆಂತ’ವಂತೂ ರಾಗಿಮುದ್ದೆ ಉಂಡವರಿಗೆ ಮನೆಯ ನೆನಪನ್ನು ತರುವುದು.

ಒಂದು ಎಚ್ಚರಿಕೆ. 1321ರಲ್ಲಿ ಗತಿಸಿದ ಮಹಾಕವಿ ದಾಂತೆಯ ಫ್ಲಾರೆನ್ಸಿನ ನುಡಿಯೇ ಗ್ರಂಥಭಾಷೆಗೆ ತಳಹದಿಯಾಯಿತು. ಆದರೂ 1861ರಲ್ಲಿ ಇಟಲಿಯು ಒಂದು ರಾಜ್ಯವಾದಾಗ ಹೆಚ್ಚಿನ ಜನರು ತಮ್ಮ ತಮ್ಮ ಪ್ರಾಂತದ ನುಡಿಯನ್ನೇ ಆಡುತ್ತಿದ್ದರು. ಶಾಲೆಗಳೂ ಮುಂದೆ ದೂರದರ್ಶನವೂ ಒಂದು ಭಾಷೆಯನ್ನು ಮನೆಮನೆಗೆ ಮುಟ್ಟಿಸಿದುವು. ಇಂದಿಗೂ ನೇಪಲ್ಸಿನ ಮುದುಕರ ಮಾತು ಹೊಸಬರಿಗೆ ತಿಳಿಯದಿದ್ದರೆ, ಕಲಿತುದು ವ್ಯರ್ಥವಾಯಿತೆಂದು ಕುಗ್ಗಬಾರದು. ಮೈಸೂರಿನವನಿಗೆ ಕುಂದಾಪುರದ ಮಾತು ಒಂದೇ ಸಲಕ್ಕೆ ತಿಳಿಯುವುದೇ?

ಪೆರೂಜ ಮತ್ತು ಸಿಯೆನ ನಗರಗಳಲ್ಲಿ ಪರದೇಶೀಯರಿಗಾಗಿಯೇ ವಿಶ್ವವಿದ್ಯಾಲಯಗಳಿವೆ; ಅವು ಭಾಷಾಜ್ಞಾನದ ಪರೀಕ್ಷೆಗಳನ್ನೂ ನಡೆಸುವುವು. ಆದರೆ ಅಲ್ಲಿಗೆ ಹೋದಮೇಲೆ ಕಲಿತರಾಯಿತೆಂದು ತಡೆಯುವುದು ತರವಲ್ಲ. ಹೊರಡುವ ಮುನ್ನ ಮೂರು ತಿಂಗಳು, ದಿನಕ್ಕೆ ಅರ್ಧ ಗಂಟೆ, ಗಟ್ಟಿಯಾಗಿ ಓದಿದರೆ ಪೇಟೆಯ ಮಾತು, ಅಂಚೆಕಚೇರಿಯ ಮಾತು, ಕಾಯಿಲೆಯ ಮಾತು ಇಷ್ಟಾದರೂ ಕೈಗೂಡುವುವು. ಮನೆಯವರೂ ಕುಳಿತು ಕೇಳಲಿ. ಅಜ್ಜನು ‘ನೊನ್ನೊ’ ಎನಿಸಿಕೊಂಡು ನಗಲಿ. ಆ ನಾಡಿನಲ್ಲಿ ಪದವಿ ಪಡೆದ ದಿನ ವಿದ್ಯಾರ್ಥಿಯ ತಲೆಗೆ ಎಲೆಗಳ ಹಸುರು ಕಿರೀಟವನ್ನಿಡುವರು. ನಮ್ಮ ಮಕ್ಕಳು ಅದನ್ನು ಧರಿಸುವ ದಿನ, ಸುತ್ತಲೂ ನಿಂತು ಹರಸುವ ಗೆಳೆಯರ ಮಾತು ಅವರಿಗೆ ತಿಳಿಯುವಂತಾಗಲಿ.