ಆರೈಕೆಗೆಂದು ಊರಿಗೆ ಬಂದವರ ಕಾಯಿಲೆ ಭತ್ಯೆ

ಮನೆಯ ಮಗಳೋ ಸೊಸೆಯೋ ಮಲ್ಲೇಶ್ವರದಲ್ಲಿ ನೌಕರಿಯಲ್ಲಿರುವ ಕುಟುಂಬಗಳು ನಮ್ಮ ಸದಸ್ಯರ ಪೈಕಿ ಈಗ ಕಡಿಮೆಯೇನಲ್ಲ. ಸಂಪಿಗೆ ರಸ್ತೆಯ ಬಟ್ಟೆ ಅಂಗಡಿ, ಮಾರ್ಗೋಸಾ ರಸ್ತೆಯ ಕಚೇರಿ, ಖಾಸಗಿ ಆಸ್ಪತ್ರೆ, ಶಾಲೆ, ಹೋಟೆಲು ಎಂದು ಹೇಗೋ ಒಂದು ಕಡೆ ನೆಲೆ ಕಂಡುಕೊಂಡಿರುತ್ತಾರೆ. ಊರಿನಲ್ಲಿ ಅಮ್ಮನೋ ಅತ್ತೆಯೋ ಹಾಸಿಗೆ ಹಿಡಿದರೆ ಮೊದಲು ಫೋನು ಹೋಗುವುದು ಅವರಿಗೇ. ಅವರು ಬರುತ್ತಾರೆ, ಆರು ತಿಂಗಳು ಸಂಬಳವಿಲ್ಲದೆ ಆರೈಕೆ ಮಾಡುತ್ತಾರೆ, ಮತ್ತೆ ಕೆಲಸಕ್ಕೆ ಮರಳುತ್ತಾರೆ. ಇಷ್ಟರವರೆಗೆ ಎಲ್ಲರಿಗೂ ಗೊತ್ತು. ಮರಳಿದ ಮೇಲೆ ಅವರೇ ಕಾಯಿಲೆ ಬಿದ್ದಾಗ ಏನಾಗುತ್ತದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. “ಅವಳಿಗೇನು, ಇ.ಎಸ್.ಐ. ಇದೆಯಲ್ಲ” ಎಂದು ಧೈರ್ಯವಾಗಿರುವ ಮನೆಗಳಲ್ಲಿ ಕಾಯಿಲೆ ಭತ್ಯೆಯ ಅರ್ಜಿ ತಿರಸ್ಕೃತವಾದಾಗ ಆಗುವ ತಬ್ಬಿಬ್ಬು ಸಣ್ಣದಲ್ಲ. ಆದುದರಿಂದ ಈ ಲೆಕ್ಕವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕೆಂದಿದ್ದೇವೆ.

ನೌಕರರ ರಾಜ್ಯ ವಿಮಾ ಯೋಜನೆ 1948ರ ಕಾಯಿದೆಯಿಂದ ಹುಟ್ಟಿದ್ದು. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭವಾಗಿ, 1958ರ ಜುಲೈ 27ರಂದು ಬೆಂಗಳೂರಿಗೆ ಬಂತು. ಆಗ ಅದು ಮುಖ್ಯವಾಗಿ ಗಿರಣಿ, ಕಾರ್ಖಾನೆಗಳ ಕೆಲಸಗಾರರ ಯೋಜನೆ. ಮಲ್ಲೇಶ್ವರದಲ್ಲಿ ಈಗ ಮಂತ್ರಿ ಸ್ಕ್ವೇರ್ ಇರುವ ಕಡೆ ರಾಜಾ ಮಿಲ್ಲು ನಡೆಯುತ್ತಿದ್ದ ಕಾಲ. ಈಗ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಅಂಗಡಿ, ಹೋಟೆಲು, ಶಾಲೆ, ಆಸ್ಪತ್ರೆಗಳೂ ಅದರಲ್ಲಿವೆ. 2017ರ ಜನವರಿಯಿಂದ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. 2019ರ ಜುಲೈಯಿಂದ ವಂತಿಗೆಯ ದರ ನೌಕರರಿಂದ ಶೇಕಡ 0.75, ಮಾಲೀಕರಿಂದ ಶೇಕಡ 3.25. 2025ರ ನವೆಂಬರ್ 21ರಂದು 1948ರ ಕಾಯಿದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ನಾವು ಇಲ್ಲಿ ಕೊಡುವ ಲೆಕ್ಕ ಹಳೆಯ ಕಾಯಿದೆಯ ಕೆಳಗೆ ಮಾಡಿದ ನಿಯಮಗಳದು. ಅರ್ಜಿ ಹಾಕುವ ಮೊದಲು ನಿಗಮದ ಶಾಖಾ ಕಚೇರಿಯಲ್ಲಿ ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಮೊದಲು ತಿಳಿಯಬೇಕಾದುದು ಎರಡು ಬೇರೆ ಬೇರೆ ಸೌಲಭ್ಯಗಳ ಮಾತು. ಒಂದು ಚಿಕಿತ್ಸೆ: ಡಾಕ್ಟರು, ಔಷಧಿ, ಆಸ್ಪತ್ರೆ. ಮಲ್ಲೇಶ್ವರದವರಿಗೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆ ಕೂಗಳತೆಯಲ್ಲೇ ಇದೆ. ವಂತಿಗೆ ಸಲ್ಲುತ್ತಿರುವವರೆಗೆ ಚಿಕಿತ್ಸೆಗೆ ಅಡ್ಡಿಯಿಲ್ಲ. ಇನ್ನೊಂದು ಕಾಯಿಲೆ ಭತ್ಯೆ: ಕಾಯಿಲೆಯಿಂದ ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಕೈಗೆ ಬರುವ ಹಣ. ದಿನದ ಸರಾಸರಿ ಸಂಬಳದ ಶೇಕಡ 70ರಂತೆ, ಒಂದರ ಹಿಂದೊಂದು ಬರುವ ಎರಡು ಭತ್ಯೆ ಅವಧಿಗಳಲ್ಲಿ ಒಟ್ಟು 91 ದಿನಗಳವರೆಗೆ ಇದು ಸಿಗುತ್ತದೆ. ದಿನಕ್ಕೆ 600 ರೂಪಾಯಿ ಸಂಬಳದವರಿಗೆ ಭತ್ಯೆ ದಿನಕ್ಕೆ 420 ರೂಪಾಯಿ. ಮೊದಲ ಎರಡು ದಿನಗಳಿಗೆ ಸಾಮಾನ್ಯವಾಗಿ ಭತ್ಯೆಯಿಲ್ಲವಾದ್ದರಿಂದ, ಕಾಮಾಲೆಯಾಗಿ 40 ದಿನ ಮಲಗಿದವರಿಗೆ 38 ದಿನದ ಲೆಕ್ಕದಲ್ಲಿ 15,960 ರೂಪಾಯಿ. ಕೊಠಡಿ ಬಾಡಿಗೆ ಕಟ್ಟಿಕೊಂಡು ಬೆಂಗಳೂರಿನಲ್ಲಿರುವವರಿಗೆ ಇದು ಬಿಟ್ಟುಕೊಡುವ ಹಣವಲ್ಲ.

ತೊಡಕು ಇರುವುದು ಈ ಎರಡನೆಯದರಲ್ಲಿ. ಇಂದು ವಂತಿಗೆ ಕಟ್ಟುತ್ತಿದ್ದರೆ ಇಂದಿನ ಕಾಯಿಲೆಗೆ ಭತ್ಯೆ ಎಂಬ ಹಾಗಿಲ್ಲ. ನಿಗಮ ವರ್ಷವನ್ನು ಎರಡಾಗಿ ಸೀಳುತ್ತದೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ಒಂದು ವಂತಿಗೆ ಅವಧಿ. ಅದರ ಫಲ ಮುಂದಿನ ಜನವರಿ 1ರಿಂದ ಜೂನ್ 30ರವರೆಗೆ. ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಇನ್ನೊಂದು. ಅದರ ಫಲ ಜುಲೈ 1ರಿಂದ ಡಿಸೆಂಬರ್ 31ರವರೆಗೆ. ನಡುವೆ ಮೂರು ತಿಂಗಳ ಅಂತರ. ಅಡಿಕೆ ಸಸಿ ನೆಟ್ಟವರಿಗೆ ಈ ತತ್ವ ಬಿಡಿಸಿ ಹೇಳಬೇಕಾಗಿಲ್ಲ: ಇಂದಿನ ಬೇಸಾಯ ಇಂದಿನ ಕೊನೆಗೆ ಬರುವುದಿಲ್ಲ. ಪ್ರತಿ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಲ್ಲಬೇಕು. ವಾರಕ್ಕೆ ಆರು ದಿನದಂತೆ ಎಣಿಸಿದರೆ 78 ಎಂದರೆ ಸರಿಯಾಗಿ 13 ವಾರ, ಅಂದರೆ ಆ ಅರ್ಧವರ್ಷದ ಅರ್ಧಭಾಗ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಕೊಪ್ಪದ ಕಡೆಯ ಒಬ್ಬ ಬೆಳೆಗಾರರ ಮಗಳು ಸಂಪಿಗೆ ರಸ್ತೆಯ ಅಂಗಡಿಯೊಂದರಲ್ಲಿ ಎರಡು ಮೂರು ವರ್ಷಗಳಿಂದ ಕೆಲಸದಲ್ಲಿದ್ದಾಳೆ. ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಮಗಳು 2024ರ ಮೇ 20ರಂದು ಸಂಬಳವಿಲ್ಲದ ರಜೆಯ ಮೇಲೆ ಊರಿಗೆ ಬಂದಳು. ಡಿಸೆಂಬರ್ 2ರಂದು ಮತ್ತೆ ಕೆಲಸಕ್ಕೆ ಹೋದಳು. ಏಪ್ರಿಲ್ 1ರಿಂದ ಮೇ 19ರವರೆಗೆ ಏಳು ವಾರ, 42 ದಿನದ ವಂತಿಗೆ. ಬೇಕಾದ 78ಕ್ಕೆ 36 ಕಡಿಮೆ.

ಈಗ 2025ರ ಫೆಬ್ರವರಿಯಲ್ಲಿ ಅವಳಿಗೆ ಕಾಮಾಲೆಯಾಯಿತೆನ್ನಿ. ಕೆಲಸದಲ್ಲಿದ್ದಾಳೆ, ಸಂಬಳದಿಂದ ವಂತಿಗೆ ಕಡಿತವಾಗುತ್ತಿದೆ, ರಾಜಾಜಿನಗರದಲ್ಲಿ ಔಷಧಿಯೂ ಸಿಗುತ್ತಿದೆ. ಭತ್ಯೆ ಮಾತ್ರ ಇಲ್ಲ. ಜನವರಿಯಿಂದ ಜೂನ್‌ವರೆಗಿನ ಭತ್ಯೆಗೆ ನೋಡುವುದು ಹಿಂದಿನ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆಯನ್ನು, ಅಂದರೆ ಅವಳು ತಾಯಿಯನ್ನು ನೋಡಿಕೊಳ್ಳುತ್ತಿದ್ದ ತಿಂಗಳುಗಳನ್ನು. ಅದೇ ಕಾಮಾಲೆ ಜುಲೈಯಲ್ಲಿ ಬಂದಿದ್ದರೆ ಭತ್ಯೆ ಸಿಗುತ್ತಿತ್ತು. ಏಕೆಂದರೆ ಡಿಸೆಂಬರ್ 2ರಿಂದ ಮಾರ್ಚ್ 31ರವರೆಗೆ ಅವಳಿಗೆ 103 ದಿನಗಳಾಗುತ್ತವೆ. ಕಾಯಿಲೆಗೆ ಪಂಚಾಂಗ ನೋಡಿಕೊಂಡು ಬರುವ ಅಭ್ಯಾಸವಿಲ್ಲ ಎಂಬುದೇ ಇಲ್ಲಿಯ ಕಷ್ಟ.

ಇದರಲ್ಲೇ ಇನ್ನೊಂದು ವಿಚಿತ್ರವಿದೆ, ಇದನ್ನು ಗಮನಿಸಿದವರು ಕಡಿಮೆ. ಅವಳು 2024ರ ಅಕ್ಟೋಬರಿನಲ್ಲಿ, ತಾಯಿಯನ್ನು ಎತ್ತಿ ಕೂರಿಸಿ ಎತ್ತಿ ಕೂರಿಸಿ ತಾನೇ ಬೆನ್ನು ಹಿಡಿದುಕೊಂಡು ಮಲಗಿದ್ದರೆ? ಆಗ ನೋಡಬೇಕಾದುದು 2023ರ ಅಕ್ಟೋಬರ್‌ನಿಂದ 2024ರ ಮಾರ್ಚ್‌ವರೆಗಿನ ಲೆಕ್ಕ. ಅದು ಭರ್ತಿಯಾಗಿದೆ. ಸಂಬಳ ಸಹಿತ ರಜೆಯಲ್ಲಿರುವವರಿಗೆ ಆ ದಿನಗಳ ಕಾಯಿಲೆ ಭತ್ಯೆ ಇಲ್ಲವೆಂದು ಕಾಯಿದೆ ಹೇಳಿತ್ತೇ ಹೊರತು, ಸಂಬಳವಿಲ್ಲದ ರಜೆಯವರನ್ನು ಆ ಮಾತಿನಲ್ಲಿ ಸೇರಿಸಿರಲಿಲ್ಲ. ಊರಿಗೆ ಬಂದವರು “ನಾನು ಹೇಗೂ ರಜೆಯ ಮೇಲಿದ್ದೇನೆ, ಇನ್ನೆಲ್ಲಿಯ ಭತ್ಯೆ” ಎಂದು ತಮ್ಮ ಕಾಯಿಲೆಗೆ ಡಾಕ್ಟರ ಚೀಟಿಯನ್ನೇ ಪಡೆಯುವುದಿಲ್ಲ. ಪಡೆಯಬೇಕು, ಅರ್ಜಿ ಹಾಕಬೇಕು. ಆದರೆ ಚೀಟಿ ತಮ್ಮದೇ ಕಾಯಿಲೆಯದಾಗಿರಬೇಕು. ತಾಯಿಯ ಕಾಯಿಲೆಯನ್ನು ತೋರಿಸಿ ಮಗಳು ಭತ್ಯೆ ಕೇಳಲು ಬರುವುದಿಲ್ಲ.

ಹಾಗಾದರೆ ಏನು ಮಾಡಬಹುದಿತ್ತು? ಮುಖ್ಯವಾಗಿ ರಜೆಯ ಜಾತಿಯನ್ನು ನೋಡಿಕೊಳ್ಳುವುದು. ಅಧಿಕೃತ ರಜೆಗೆ ಕೊಡುವ ಸಂಬಳವೂ ಕಾಯಿದೆಯ ಪ್ರಕಾರ ಸಂಬಳವೇ, ಅದರ ಮೇಲೂ ವಂತಿಗೆ ಸಲ್ಲುತ್ತದೆ, ಆ ದಿನಗಳೂ ಎಣಿಕೆಗೆ ಬರುತ್ತವೆ. ನಮ್ಮ ಉದಾಹರಣೆಯ ಹುಡುಗಿಗೆ 15 ದಿನದ ಗಳಿಕೆ ರಜೆ ಬಾಕಿಯಿದ್ದು ಅದನ್ನು ಮೊದಲು ಬಳಸಿಕೊಂಡಿದ್ದರೆ 42 ಹೋಗಿ 57 ಆಗುತ್ತಿತ್ತು. ಸೆಪ್ಟೆಂಬರ್ ಒಂದು ತಿಂಗಳು ಅಣ್ಣನೋ ಅತ್ತಿಗೆಯೋ ತಾಯಿಯ ಆರೈಕೆ ವಹಿಸಿಕೊಂಡು ಅವಳನ್ನು ಕೆಲಸಕ್ಕೆ ಕಳಿಸಿದ್ದರೆ, ಸೆಪ್ಟೆಂಬರ್ 2ರಿಂದ 30ರವರೆಗೆ ಇನ್ನು 25 ದಿನ. ಒಟ್ಟು 82. ಕಾಮಾಲೆಗೆ 15,960 ರೂಪಾಯಿ ಬರುತ್ತಿತ್ತು. ಬೋರ್ಡೋ ಸಿಂಪಡಣೆ ಮುಗಿದು ಅಡಿಕೆ ಕೊಯ್ಲು ಬಿರುಸಾಗುವ ಮೊದಲಿನ ಆ ವಾರಗಳಲ್ಲಿ ಗಂಡಸರಿಗೆ ಇದು ಅಸಾಧ್ಯವೆಂದು ನಮಗೆ ತೋರುವುದಿಲ್ಲ. ಆರೈಕೆಯೆಂದರೆ ಹೆಣ್ಣುಮಕ್ಕಳ ಪಾಲೆಂದು ಸುಮ್ಮನಿರುವ ಮನೆಯವರು ಈ ಅಂಕಿಗಳನ್ನಾದರೂ ನೋಡಲಿ.

ರಾಜೀನಾಮೆ ಕೊಡಿಸಬೇಡಿ. “ಬಿಟ್ಟು ಬಾ, ಆಮೇಲೆ ಬೇರೆ ಕೆಲಸ ನೋಡಿದರಾಯಿತು” ಎಂಬ ಮಾತು ಸುಲಭ. ಕ್ಷಯ, ಕ್ಯಾನ್ಸರ್ ಮುಂತಾದ 34 ದೀರ್ಘ ಕಾಯಿಲೆಗಳಿಗೆ ಶೇಕಡ 80ರ ದರದಲ್ಲಿ ಎರಡು ವರ್ಷಗಳವರೆಗೂ ಬೆಳೆಯಬಲ್ಲ ವಿಸ್ತೃತ ಭತ್ಯೆಯಿದೆ. ಅದಕ್ಕೆ ಎರಡು ವರ್ಷದ ನಿರಂತರ ನೌಕರಿಯೂ ಹಿಂದಿನ ನಾಲ್ಕು ವಂತಿಗೆ ಅವಧಿಗಳಲ್ಲಿ 156 ದಿನಗಳ ವಂತಿಗೆಯೂ ಬೇಕು. ಲಿಖಿತವಾಗಿ ಮಂಜೂರಾದ ರಜೆಗೂ ಬಿಟ್ಟುಹೋದ ಕೆಲಸಕ್ಕೂ ಇಲ್ಲಿ ಅಜಗಜಾಂತರ. ಬೇರೆ ಅಂಗಡಿಗೆ ಸೇರಲೇಬೇಕಾಗಿ ಬಂದರೆ ಹಳೆಯ ವಿಮಾ ಸಂಖ್ಯೆಯನ್ನೇ ಹೊಸ ಮಾಲೀಕರಿಗೆ ಕೊಡಬೇಕು. ಒಂದೇ ಅರ್ಧವರ್ಷದಲ್ಲಿ ಇಬ್ಬರು ಮಾಲೀಕರಲ್ಲಿ ದುಡಿದ ದಿನಗಳು ಒಂದೇ ಸಂಖ್ಯೆಯಲ್ಲಿದ್ದರೆ ಕೂಡುತ್ತವೆ. ಹೊಸ ಸಂಖ್ಯೆ ಮಾಡಿಸಿದರೆ ಹೊಸದಾಗಿ ಸೇರಿದವರಂತಾಗಿ, ಮೊದಲ ಭತ್ಯೆ ಅವಧಿಗೆ ಒಂಬತ್ತು ತಿಂಗಳು ಕಾಯಬೇಕು.

ಕಾರ್ಡಿನಲ್ಲಿ ತಂದೆ ತಾಯಿಯ ಹೆಸರು ಸೇರಿದೆಯೇ ಎಂಬುದನ್ನೂ ನೋಡಿ. ನಿಗದಿತ ಆದಾಯ ಮಿತಿಯೊಳಗಿನ ಅವಲಂಬಿತ ತಂದೆ ತಾಯಿಯ ಚಿಕಿತ್ಸೆಗೆ ಯೋಜನೆಯಲ್ಲಿ ಅವಕಾಶವಿದೆ. 2020ರ ಸಂಹಿತೆ ಮಹಿಳಾ ನೌಕರರ ಅತ್ತೆ ಮಾವಂದಿರನ್ನೂ ಕುಟುಂಬದ ವ್ಯಾಖ್ಯೆಯೊಳಗೆ ತಂದಿದೆ. ಬಹಳ ಕಾಲದಿಂದ ಸೊಸೆಯಂದಿರೇ ಅವರನ್ನು ನೋಡಿಕೊಂಡು ಬಂದಿರುವಾಗ ಇದು ತಡವಾಗಿ ಬಂದ ನ್ಯಾಯ.

ಆರೈಕೆಯ ತಿಂಗಳುಗಳನ್ನು ಲೆಕ್ಕಕ್ಕೇ ಹಿಡಿಯದಿರುವುದು ಎಲ್ಲ ದೇಶಗಳ ರೀತಿಯಲ್ಲ. ಬ್ರಿಟನ್ನಿನಲ್ಲಿ 1976ರಲ್ಲಿಯೇ ಆರೈಕೆ ಮಾಡುವವರಿಗೆ ಭತ್ಯೆ ಆರಂಭವಾಯಿತು. ಮದುವೆಯಾದ ಹೆಂಗಸು ಹೇಗೂ ಮನೆಯಲ್ಲಿರುವವಳೆಂದು ಆಗ ಅವಳನ್ನು ಹೊರಗಿಟ್ಟಿದ್ದರು. ಅದು ಸರಿಯಾಗಲು 1986ರಲ್ಲಿ ಯೂರೋಪಿನ ನ್ಯಾಯಾಲಯದವರೆಗೆ ಹೋಗಬೇಕಾಯಿತು. ಈಗ ಅಲ್ಲಿ ಆ ಭತ್ಯೆ ಪಡೆಯುವ ವಾರಗಳಿಗೆ ವಿಮಾ ವಂತಿಗೆ ಕಟ್ಟಿದಂತೆಯೇ ಜಮಾ ಹಾಕುತ್ತಾರೆ. ನಮ್ಮ ರಾಜ್ಯದ 2024-25ರ ಬಜೆಟ್ಟಿನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಲಾಯಿತು. ಅಷ್ಟಾದರೂ ಆಯಿತು. ಸೊಂಟ ಮುರಿದ ತಾಯಿಯ ಮಗಳಿಗೆ ಅದು ತಲುಪುವುದಿಲ್ಲ.

ಇನ್ನು ತೋಟದಲ್ಲಿರುವ ನಮ್ಮ ಪಾಡು. ಕಾಫಿ ತಯಾರಿಕೆಯನ್ನು 1948ರ ಕಾಯಿದೆ ಚಹ, ಸಕ್ಕರೆ, ರಬ್ಬರಿನ ಜೊತೆಗೆ ಋತುಮಾನದ ಕಾರ್ಖಾನೆಗಳ ಸಾಲಿಗೆ ಸೇರಿಸಿ ಹೊರಗಿಟ್ಟಿತ್ತು. 1951ರ ತೋಟ ಕಾರ್ಮಿಕರ ಕಾಯಿದೆಯಲ್ಲಿ ಕಾಯಿಲೆ ಭತ್ಯೆಯ ಮಾತಿತ್ತು. ಆದರೆ ಅದು ಐದು ಹೆಕ್ಟೇರು ಮತ್ತು ಹದಿನೈದು ಆಳುಗಳ ಮೇಲ್ಪಟ್ಟ ತೋಟಗಳ ಕೆಲಸಗಾರರಿಗೆ. ಎರಡು ಮೂರು ಎಕರೆಯಲ್ಲಿ ತಾನೇ ಆಳು ತಾನೇ ಒಡೆಯನಾಗಿರುವವನಿಗೆ ಎರಡೂ ಇಲ್ಲ. ಸಹಕಾರ ಸಂಘದ ಸದಸ್ಯರಿಗಿರುವ ಯಶಸ್ವಿನಿ 2003ರಿಂದ 2018ರವರೆಗೆ ನಡೆದು, ನಿಂತು, 2023ರ ಜನವರಿಯಿಂದ ಮರಳಿ ಬಂದಿದೆ. ಆಗ ಗ್ರಾಮಾಂತರದ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ ವಂತಿಗೆ, ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಎಂದು ಗೊತ್ತುಪಡಿಸಲಾಯಿತು. ಅದು ಆಸ್ಪತ್ರೆಗೆ ಕೊಡುವ ಹಣ. ಕಳೆದುಹೋದ ದಿನಗೂಲಿಗೆ ಕೊಡುವುದಲ್ಲ. ಹಾಗಾಗಿ ನಮ್ಮ ಎಷ್ಟೋ ಮನೆಗಳಲ್ಲಿ ಕಾಯಿಲೆಯ ದಿನಕ್ಕೆ ಹಣ ತರಬಲ್ಲ ಹಕ್ಕು ಇರುವುದು ಬೆಂಗಳೂರಿನಲ್ಲಿರುವ ಆ ಒಬ್ಬಳಿಗೆ ಮಾತ್ರ. ನಮ್ಮ ಆರೈಕೆಗೆಂದು ಅವಳನ್ನು ಕರೆಸಿಕೊಂಡು, ಇರುವ ಒಂದು ಹಕ್ಕನ್ನೂ ತಿಳಿಯದೆ ಕಳೆಯುತ್ತಿದ್ದೇವೆ.

ಅರ್ಜಿಯ ಕ್ರಮ ದೊಡ್ಡದಲ್ಲ. ಇ.ಎಸ್.ಐ. ಔಷಧಾಲಯದ ಡಾಕ್ಟರು ಕಾಯಿಲೆಯ ಚೀಟಿಯನ್ನೂ ಗುಣವಾದಾಗ ಕೆಲಸಕ್ಕೆ ಯೋಗ್ಯರೆಂಬ ಚೀಟಿಯನ್ನೂ ಕೊಡುತ್ತಾರೆ. ಅವುಗಳ ಮೇಲೆ ಶಾಖಾ ಕಚೇರಿಯಲ್ಲಿ ಹಕ್ಕು ಸಲ್ಲಿಸಿದರೆ ಹಣ ಬ್ಯಾಂಕ್ ಖಾತೆಗೆ ಬರುತ್ತದೆ. ಭತ್ಯೆಯ ದಿನಗಳಲ್ಲಿ ಬೇರೆಲ್ಲೂ ದುಡಿಯಬಾರದು, ಡಾಕ್ಟರು ಹೇಳಿದ ಚಿಕಿತ್ಸೆ ತಪ್ಪಿಸಬಾರದು, ಅನುಮತಿಯಿಲ್ಲದೆ ಆ ಪ್ರದೇಶ ಬಿಟ್ಟು ಹೋಗಬಾರದು. ಕಾಮಾಲೆಗೆ ಊರಿನ ನಾಟಿ ಮದ್ದೇ ಆಗಬೇಕೆಂದು ಹೇಳದೆ ಕೇಳದೆ ಬಸ್ಸು ಹತ್ತಿ ಬರುವವರು ಇದನ್ನು ನೆನಪಿಡಬೇಕು. ಊರಿನಲ್ಲಿರುವಾಗಲೇ ಕಾಯಿಲೆ ಬಂದು, ಹತ್ತಿರದಲ್ಲಿ ಇ.ಎಸ್.ಐ. ಔಷಧಾಲಯವಿಲ್ಲದಿದ್ದರೆ, ಬೇರೆ ನೋಂದಾಯಿತ ವೈದ್ಯರ ಚೀಟಿಯನ್ನು ಪರ್ಯಾಯ ಸಾಕ್ಷ್ಯವಾಗಿ ಪರಿಗಣಿಸಲು ನಿಗಮಕ್ಕೆ ಅಧಿಕಾರವಿದೆ. ತಾಲ್ಲೂಕು ಆಸ್ಪತ್ರೆಯ ಚೀಟಿ, ಔಷಧಿಯ ರಸೀತಿ, ರಕ್ತಪರೀಕ್ಷೆಯ ವರದಿ, ಎಲ್ಲವನ್ನೂ ತಾರೀಖಿನ ಸಮೇತ ತೆಗೆದಿಟ್ಟು, ತಡಮಾಡದೆ ಶಾಖಾ ಕಚೇರಿಗೆ ತಲುಪಿಸಬೇಕು.