ನ್ಯಾಯವಾದಿ ಕೆರೆನ್ಸ್ಕಿ

ರಷ್ಯದ ವೋಲ್ಗಾ ನದಿಯ ದಡದ ಸಿಂಬಿರ್ಸ್ಕ್ ಪಟ್ಟಣದಲ್ಲಿ ಫ್ಯೋದರ್ ಕೆರೆನ್ಸ್ಕಿ ಎಂಬ ಮುಖ್ಯೋಪಾಧ್ಯಾಯರಿದ್ದರು. 1887ರಲ್ಲಿ ಅವರ ಶಾಲೆಯ ಮೇಧಾವಿ ವಿದ್ಯಾರ್ಥಿಯೊಬ್ಬನ ಅಣ್ಣನನ್ನು, ಚಕ್ರವರ್ತಿಯ ಕೊಲೆಗೆ ಸಂಚು ಹೂಡಿದನೆಂದು ಗಲ್ಲಿಗೇರಿಸಿದರು. ಅಂತಹ ಮನೆಯ ಹುಡುಗನ ಪರವಾಗಿ ಯಾರು ತಾನೇ ಮಾತನಾಡುವರು? ಮುಖ್ಯೋಪಾಧ್ಯಾಯರು ಮಾತನಾಡಿದರು. ಅವನ ಸುವರ್ಣಪದಕ ತಪ್ಪಲಿಲ್ಲ. ಅವರು ಬರೆದ ಯೋಗ್ಯತಾಪತ್ರದ ಬಲದಿಂದ ವಿಶ್ವವಿದ್ಯಾಲಯಕ್ಕೂ ಪ್ರವೇಶ ದೊರೆಯಿತು. ಆ ಹುಡುಗನೇ ಮುಂದೆ ಲೆನಿನ್ ಎಂದು ಹೆಸರಾದನು. ಮುಖ್ಯೋಪಾಧ್ಯಾಯರ ಮಗ ಅಲೆಕ್ಸಾಂಡರನಿಗೆ ಆಗ ಆರು ವರ್ಷ.

ಈ ಅಲೆಕ್ಸಾಂಡರ್ ಕೆರೆನ್ಸ್ಕಿ 1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕಾನೂನು ಪದವಿ ಪಡೆದನು. ಮರುವರ್ಷದ ಕ್ರಾಂತಿಯ ಕಾಲದಲ್ಲಿ ಬಂಧಿತನಾಗಿ ಕೆಲವು ತಿಂಗಳು ಸೆರೆಮನೆಯನ್ನೂ ಕಂಡನು. ಹೊರಬಂದವನು ರಾಜಕೀಯ ಆರೋಪಿಗಳ ಪರವಾಗಿ ನ್ಯಾಯಾಲಯದಲ್ಲಿ ವಾದಿಸತೊಡಗಿದನು. 1912ರಲ್ಲಿ ಸೈಬೀರಿಯದ ಲೆನಾ ಚಿನ್ನದ ಗಣಿಗಳಲ್ಲಿ ಮುಷ್ಕರ ಹೂಡಿದ್ದ ಕಾರ್ಮಿಕರ ಮೇಲೆ ಸೈನಿಕರು ಗುಂಡು ಹಾರಿಸಿದಾಗ, ಆ ದೂರದ ಕಾಡುನಾಡಿಗೆ ಹೋಗಿ ವಿಚಾರಣೆ ನಡೆಸಿದ ವಕೀಲರಲ್ಲಿ ಅವನು ಪ್ರಮುಖನು. ಅದೇ ವರ್ಷ ಡ್ಯೂಮಾ ಎಂಬ ಶಾಸನಸಭೆಗೆ ಆಯ್ಕೆಯಾದನು.

1917ರ ಮಾರ್ಚಿನಲ್ಲಿ ಚಕ್ರವರ್ತಿ ಪದತ್ಯಾಗ ಮಾಡಿದಾಗ ಕೆರೆನ್ಸ್ಕಿ ತಾತ್ಕಾಲಿಕ ಸರ್ಕಾರದ ನ್ಯಾಯಮಂತ್ರಿಯಾದನು. ಆ ಸರ್ಕಾರವು ರಾಜಕೀಯ ಬಂದಿಗಳನ್ನು ಬಿಡುಗಡೆ ಮಾಡಿ ಮರಣದಂಡನೆಯನ್ನು ರದ್ದುಪಡಿಸಿತು. ಅವನ ಬಾಳಿನ ಉಜ್ವಲ ದಿನಗಳು ಅವೇ ಎಂದು ನಾನು ಎಣಿಸುತ್ತೇನೆ. ಮೇ ತಿಂಗಳಲ್ಲಿ ಯುದ್ಧಮಂತ್ರಿ, ಜುಲೈಯಲ್ಲಿ ಪ್ರಧಾನಮಂತ್ರಿ! ಆದರೆ ಜರ್ಮನಿಯೊಡನೆ ನಡೆಯುತ್ತಿದ್ದ ಯುದ್ಧವನ್ನು ಅವನು ನಿಲ್ಲಿಸಲಿಲ್ಲ. ಅವನ ಉತ್ಸಾಹದಿಂದ ಆರಂಭವಾದ ದಂಡಯಾತ್ರೆ ಸೋತಿತು; ಸೈನಿಕರು ದಳ ತೊರೆದು ಓಡಿದರು. ಆಗ ಮರಣದಂಡನೆಯನ್ನು ರಣರಂಗದಲ್ಲಿ ಮತ್ತೆ ಜಾರಿಗೆ ತಂದದ್ದು ಅವನದೇ ಸರ್ಕಾರ. ಜಮೀನು ಕೇಳಿದ ರೈತರಿಗೆ, ಸಂವಿಧಾನ ಸಭೆ ಸೇರುವವರೆಗೆ ತಾಳಿರೆಂಬ ಉತ್ತರ. ವಕೀಲನ ಉತ್ತರವೇನೋ ಸರಿ. ತಲೆತಲಾಂತರದಿಂದ ಕಾದವನಿಗೆ ಅದು ಹೇಗೆ ರುಚಿಸೀತು?

ಸೆಪ್ಟೆಂಬರಿನಲ್ಲಿ ಸೇನಾಧಿಪತಿ ಕೊರ್ನಿಲೋವ್ ರಾಜಧಾನಿಯತ್ತ ಸೈನ್ಯ ಕಳುಹಿಸಿದನು. ಅದನ್ನು ತಡೆಯಲು ಕಾರ್ಮಿಕರ ಕೈಗೆ ಬಂದೂಕು ಬಂದವು. ಅಪಾಯವು ಕಳೆದರೂ ಬಂದೂಕುಗಳು ಮರಳಲಿಲ್ಲ. ಅವರಲ್ಲಿ ಬಹುಮಂದಿ ಲೆನಿನ್ನನ ಬೋಲ್ಷೆವಿಕ್ ಪಕ್ಷದವರು.

ನವೆಂಬರ್ 7ರಂದು, ಎಂದರೆ ರಷ್ಯದ ಹಳೆಯ ಪಂಚಾಂಗದ ಅಕ್ಟೋಬರ್ 25ರಂದು, ಸೈನ್ಯದ ನೆರವು ತರಲು ಕೆರೆನ್ಸ್ಕಿ ಮೋಟಾರಿನಲ್ಲಿ ರಾಜಧಾನಿಯಿಂದ ಹೊರಟನು. ಆ ರಾತ್ರಿಯೇ ಚಳಿಗಾಲದ ಅರಮನೆಯಲ್ಲಿ ಅವನ ಮಂತ್ರಿಗಳು ಸೆರೆಯಾದರು. ನೆರವು ಸಾಲದಾಯಿತು, ಗಾಚಿನಾ ಎಂಬಲ್ಲಿಂದ ನಾವಿಕನ ವೇಷದಲ್ಲಿ ತಪ್ಪಿಸಿಕೊಂಡನು. ದಾದಿಯ ಉಡುಪಿನಲ್ಲಿ ಓಡಿದನೆಂಬ ಕಥೆ ಬಹುಕಾಲ ಹಬ್ಬಿತ್ತು, ಅದು ಕಟ್ಟುಕಥೆ.

1918ರಲ್ಲಿ ದೇಶ ಬಿಟ್ಟ ಅವನು ಮೊದಲು ಯೂರೋಪಿನಲ್ಲಿ, 1940ರಿಂದ ಅಮೆರಿಕದಲ್ಲಿ ನೆಲೆಸಿ, ಆ ಕೆಲವೇ ತಿಂಗಳುಗಳ ವಿಷಯವಾಗಿ ಬರೆಯುತ್ತ, ಉಪನ್ಯಾಸ ಮಾಡುತ್ತ ಅರ್ಧ ಶತಮಾನ ಕಳೆದನು. 1970ರ ಜೂನ್ 11ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡನು, ಸಮಾಧಿ ಲಂಡನ್ನಿನಲ್ಲಿದೆ. ಅವನು ಹುಟ್ಟಿದ ಸಿಂಬಿರ್ಸ್ಕಿಗೆ 1924ರಿಂದ ಉಲ್ಯಾನೋವ್ಸ್ಕ್ ಎಂದು ಹೆಸರು. ಉಲ್ಯಾನೋವ್ ಎಂಬುದು ಲೆನಿನ್ನನ ಮನೆತನದ ಹೆಸರು.