ಲೈಕ್ ಬಂತು, ಎಣ್ಣೆ ಡಬ್ಬದಲ್ಲೇ ಉಳಿಯಿತು: ಸಣ್ಣ ವ್ಯಾಪಾರಕ್ಕೆ ಫ್ರೀಲಾನ್ಸ್ ಮಾರ್ಕೆಟಿಂಗ್ ಎಷ್ಟು ಬೇಕು?

ಕಳೆದ ದೀಪಾವಳಿ ಮುಗಿದ ವಾರ ಅತ್ತಿಗೆ ಫೋನ್ ಮಾಡಿದ್ದರು. "ನೋಡಪ್ಪ, ನೀನು ಕಂಪ್ಯೂಟರ್ ಓದಿದೋನು. ನಮ್ಮ ಪೇಜು ನಮಗೇ ಓಪನ್ ಆಗ್ತಿಲ್ಲ. ಆ ಹುಡುಗ ಫೋನ್ ಎತ್ತಲ್ಲ. ಒಸಿ ನೋಡ್ತೀಯಾ?"

ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಆದರೆ ನಮ್ಮೂರಲ್ಲಿ ಎಂಜಿನಿಯರಿಂಗ್ ಅಂದ್ರೆ ಎಲ್ಲವೂ ಕಂಪ್ಯೂಟರೇ. ಅದನ್ನೂ ಬಿಟ್ಟು ಪತ್ರಕರ್ತನಾಗಿ ಹತ್ತು ವರ್ಷವಾಯಿತು ಅನ್ನೋದು ಅತ್ತಿಗೆಗೆ ಗೊತ್ತಿದ್ದರೂ ಲೆಕ್ಕಕ್ಕಿಲ್ಲ. ಆ ಭಾನುವಾರ ಬಸ್ ಹತ್ತಿದೆ.

ನಮ್ಮೂರು ತಿಪಟೂರಿನ ಹತ್ತಿರ. ಕೊಬ್ಬರಿ ಸೀಮೆ. ದೊಡ್ಡಪ್ಪನ ಮಗ, ಅಂದರೆ ನನಗೆ ಅಣ್ಣ, ಮೂರು ವರ್ಷದ ಹಿಂದೆ ಮನೆ ಪಕ್ಕದ ಶೆಡ್ಡಿನಲ್ಲಿ ಮರದ ಗಾಣ ಹಾಕಿದ. ಅಣ್ಣ ಗಾಣ ನೋಡಿಕೊಳ್ಳುತ್ತಾನೆ, ಅತ್ತಿಗೆ ಬಾಟಲಿ, ಲೇಬಲ್, ಲೆಕ್ಕ. ತಿಂಗಳಿಗೆ ಸುಮಾರು 180 ಲೀಟರ್ ಕೊಬ್ಬರಿ ಎಣ್ಣೆ ಹೋಗುತ್ತಿತ್ತು. ಎಲ್ಲಾ ಗುರುತಿನವರೇ, ಗುರುತಿನವರ ಗುರುತಿನವರೇ. 2025ರಲ್ಲಿ ಕೊಬ್ಬರಿ ದರ ಹಿಂದೆಂದೂ ಇಲ್ಲದಷ್ಟು ಏರಿದಾಗ ಬೆಳೆಗಾರರು ಖುಷಿಪಟ್ಟರು, ಅಣ್ಣನಂಥ ಗಾಣದವರು ಬೆವರಿದರು. ಸ್ವಂತ ತೋಟದ ಕೊಬ್ಬರಿ ಸಾಲದೆ ಅವನು ಕೊಂಡು ತರುವವನು. ಎಣ್ಣೆ ರೇಟು ಏರಿಸಬೇಕಾಯಿತು, ಗಿರಾಕಿಗಳು ಗೊಣಗಿದರು. ಆಗ ಯಾರೋ ಹೇಳಿದರು: "ಆನ್‌ಲೈನ್ ಮಾರ್ಕೆಟಿಂಗ್ ಮಾಡ್ಸಿ, ಬೆಂಗಳೂರಿನೋರು ಎಷ್ಟು ಕೊಟ್ಟಾದ್ರೂ ತಗೋತಾರೆ."

ಹಾಗೆ ಬಂದವನೇ ಆ ಹುಡುಗ. ಬೆಂಗಳೂರಿನಲ್ಲಿ ಕೂತು ಫ್ರೀಲಾನ್ಸ್ ಮಾಡುವವನು. ತಿಂಗಳಿಗೆ 15,000 ಅವನ ಫೀಸು, 10,000 ಜಾಹೀರಾತಿಗೆ, ಅದರ ಮೇಲೆ 18% ಜಿಎಸ್‌ಟಿ ಅಂತ 1,800. ಒಟ್ಟು 26,800 ರೂಪಾಯಿ. ಮೂರು ತಿಂಗಳ ಮಾತು. ದುಡ್ಡು ಬಂದದ್ದು ಅತ್ತಿಗೆಯ ಸಂಘದ ಸಾಲದಿಂದ, ವಾರ ವಾರ ಕಂತು ಕಟ್ಟುವ ಸಾಲ.

ಮೂರು ತಿಂಗಳಲ್ಲಿ ಪೇಜಿಗೆ ನಾಲ್ಕು ಸಾವಿರ ಚಿಲ್ಲರೆ ಲೈಕ್ ಬಂದವು. ಹೆಚ್ಚುವರಿಯಾಗಿ ಮಾರಿದ ಎಣ್ಣೆ 74 ಲೀಟರ್. ಮೂರನೇ ತಿಂಗಳ ಫೀಸು ಕೊಡಲ್ಲ ಅಂದ ಅಣ್ಣ. ಹಾಗಾದ್ರೆ ಪೇಜು ಬಿಡಲ್ಲ ಅಂದ ಹುಡುಗ. "ಲೈಕ್ ತಂದ್ಕೊಟ್ಟ, ಇಲ್ಲ ಅನ್ನಲ್ಲ. ಎಣ್ಣೆ ಮಾತ್ರ ಡಬ್ಬದಲ್ಲೇ ಐತೆ" ಅಂದರು ಅತ್ತಿಗೆ.

ಇದನ್ನು ಕೇಳಿದವರೆಲ್ಲ "ಮೋಸ" ಅನ್ನುತ್ತಾರೆ. ನಾನೂ ಮೊದಲು ಹಾಗೇ ಅಂದುಕೊಂಡೆ. ಆದರೆ ಅವತ್ತು ಸಂಜೆ ಅತ್ತಿಗೆಯ ಲೆಕ್ಕದ ಪುಸ್ತಕ ತೆಗೆದು ಕೂತಾಗ ಬೇರೆಯದೇ ಕಾಣಿಸಿತು.

ಒಂದು ಲೀಟರ್ ಎಣ್ಣೆಗೆ ಸುಮಾರು ಒಂದೂವರೆ ಕೆಜಿ ಕೊಬ್ಬರಿ ಬೇಕು. ಅಣ್ಣ ಕೊಂಡ ದರ ಕೆಜಿಗೆ 260. ಅಲ್ಲಿಗೆ 390 ಆಯಿತು. ಬಾಟಲಿ, ಲೇಬಲ್ಲಿಗೆ 25. ಕರೆಂಟು, ಕೂಲಿಗೆ 45. ಒಟ್ಟು 460. ಮಾರುವುದು 580ಕ್ಕೆ. ಲೀಟರಿಗೆ ಉಳಿಯುವುದು 120 ರೂಪಾಯಿ. ಹಿಂಡಿ ಮನೆಯ ಎಮ್ಮೆಗೇ ಹೋಗುತ್ತೆ, ಅದನ್ನು ಬಿಡಿ.

ಈಗ 26,800ನ್ನು 120ರಿಂದ ಭಾಗಿಸಿ. ಹಾಕಿದ ದುಡ್ಡು ವಾಪಸ್ ಬರಬೇಕಾದರೇ ತಿಂಗಳಿಗೆ 224 ಲೀಟರ್ ಹೆಚ್ಚಿಗೆ ಮಾರಬೇಕು. ಲಾಭ ಆಮೇಲಿನ ಮಾತು. ಸರಿ, ಗಾಣ ಎಷ್ಟು ಹಿಂಡುತ್ತೆ? ಕರೆಂಟ್ ಹೋಗೋದು ಬರೋದು ಎಲ್ಲ ಸೇರಿ ದಿನಕ್ಕೆ ಹೆಚ್ಚೆಂದರೆ 12 ಲೀಟರ್ ಅಂದ ಅಣ್ಣ. 25 ದಿನಕ್ಕೆ 300. ಅದರಲ್ಲಿ 180 ಈಗಾಗಲೇ ಮಾರಾಟವಾಗುತ್ತಿದೆ. ಉಳಿದದ್ದು 120 ಲೀಟರ್, ಅದರ ಪೂರ್ತಿ ಲಾಭ 14,400 ರೂಪಾಯಿ.

ಅಂದರೆ ಆ ಹುಡುಗ ದೇಶದ ನಂಬರ್ ಒನ್ ಮಾರ್ಕೆಟಿಂಗ್ ಪಂಡಿತನೇ ಆಗಿದ್ದು, ಗಾಣದಲ್ಲಿ ಒಂದು ಹನಿ ಉಳಿಯದಂತೆ ಮಾರಿಸಿದ್ದರೂ ಅಣ್ಣನಿಗೆ ತಿಂಗಳಿಗೆ 12,400 ರೂಪಾಯಿ ನಷ್ಟವೇ ಆಗುತ್ತಿತ್ತು. ಈ ಲೆಕ್ಕಕ್ಕೆ ಎಂಜಿನಿಯರಿಂಗ್ ಬೇಡ, ಐದನೇ ಕ್ಲಾಸಿನ ಭಾಗಾಕಾರ ಸಾಕು. ಅಣ್ಣನೂ ಮಾಡಲಿಲ್ಲ, ಹುಡುಗನೂ ಕೇಳಲಿಲ್ಲ, ನನ್ನನ್ನು ಮೊದಲೇ ಕೇಳಿದ್ದರೆ ನಾನೂ "ಹೂಂ, ಮಾಡ್ಸಿ" ಅಂತಿದ್ದೆನೋ ಏನೋ.

ಇದಕ್ಕೆ ಒಂದು ಆಕ್ಷೇಪ ಇದೆ, ಅದು ಸರಿಯಾದದ್ದೇ. ಒಮ್ಮೆ ಬಂದ ಗಿರಾಕಿ ಮತ್ತೆ ಮತ್ತೆ ಕೊಳ್ಳುತ್ತಾನೆ, ಹಾಗಾಗಿ ಮೊದಲ ಲೀಟರಿನ ಲಾಭವನ್ನೇ ನೋಡಬಾರದು. ನಿಜ. ಒಂದು ಮನೆಗೆ ತಿಂಗಳಿಗೆ 2 ಲೀಟರ್ ಅಂದುಕೊಂಡರೆ, ಹತ್ತು ತಿಂಗಳು ನಿಲ್ಲುವ ಗಿರಾಕಿಯಿಂದ 2,400 ಬರುತ್ತೆ. ಅಂಥವರನ್ನು ಹುಡುಕಲು ಒಂದಿಷ್ಟು ಖರ್ಚು ಮಾಡಬಹುದು. ಆದರೆ ಗಾಣದ ಮಿತಿ ಹಾಗೇ ಇರುತ್ತಲ್ಲ? ಉಳಿದ 120 ಲೀಟರ್ ಅಂದರೆ 60 ಮನೆ. ಅಣ್ಣ ಅತ್ತಿಗೆಗೆ ಬೇಕಿದ್ದದ್ದು ಇನ್ನು 60 ಮನೆ ಅಷ್ಟೇ. 60 ಮನೆ ಹುಡುಕಲು ಇಡೀ ದೇಶಕ್ಕೆ ಜಾಹೀರಾತು ಕೊಟ್ಟಿದ್ದರು!

ಇಡೀ ದೇಶ ಅಂದದ್ದು ಅಲಂಕಾರಕ್ಕಲ್ಲ. ಜಾಹೀರಾತು ಯಾರಿಗೆ ಕಾಣಬೇಕು ಅನ್ನುವ ಜಾಗದಲ್ಲಿ ಹುಡುಗ "ಇಂಡಿಯಾ" ಅಂತಲೇ ಹಾಕಿದ್ದ. ಪುಣೆಯಿಂದ, ಹೈದರಾಬಾದಿನಿಂದ ವಿಚಾರಣೆ ಬಂದಿತ್ತು. ಕೊರಿಯರ್ ಚಾರ್ಜ್ ಕೇಳಿ ಬಹಳ ಜನ ಸುಮ್ಮನಾದರು. ಅದು ಒಳ್ಳೆಯದೇ ಆಯಿತು. ಯಾಕೆಂದರೆ ಕರ್ನಾಟಕದೊಳಗೆ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಆದರೆ ತೆರಿಗೆ ಇರುವ ಸರಕನ್ನು ಹೊರ ರಾಜ್ಯಕ್ಕೆ ಮಾರಿದರೆ ಈ ಮಿತಿಯ ರಕ್ಷಣೆ ಸಿಗಲ್ಲ, ನೋಂದಣಿ ಕಡ್ಡಾಯ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಕಳಿಸಿದ ನೋಟಿಸುಗಳಿಗೆ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಯವರು ಹೇಗೆ ಕಂಗಾಲಾದರು ಅಂತ ನೆನಪಿದ್ದವರಿಗೆ ಇದು ಸಣ್ಣ ವಿಷಯ ಅನಿಸಲಿಕ್ಕಿಲ್ಲ. ಜಾಹೀರಾತಿನ ನಕ್ಷೆಯಲ್ಲಿ ಒಂದು ಕ್ಲಿಕ್ಕು, ತೆರಿಗೆಯಲ್ಲಿ ಬೇರೆಯದೇ ಲೋಕ.

ಇನ್ನು ಲೈಕುಗಳ ಕಥೆ. ಮೆಟಾದಲ್ಲಿ (ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡೂ ಅದರದ್ದೇ) ಜಾಹೀರಾತು ಕೊಡುವಾಗ ಮೊದಲು ಕೇಳುವುದೇ "ನಿಮ್ಮ ಉದ್ದೇಶವೇನು" ಅಂತ. ಎಂಗೇಜ್‌ಮೆಂಟ್ ಅಂತ ಆರಿಸಿ ಪೋಸ್ಟಿಗೆ ಪ್ರತಿಕ್ರಿಯೆ ಬೇಕು ಅಂದರೆ, ಆ ವ್ಯವಸ್ಥೆ ನಿಮ್ಮ ಜಾಹೀರಾತನ್ನು ಲೈಕ್ ಒತ್ತುವ ಅಭ್ಯಾಸ ಇರುವವರನ್ನು ಹುಡುಕಿ ಹುಡುಕಿ ತೋರಿಸುತ್ತೆ. ವಾಟ್ಸ್ಆ್ಯಪ್ ಮೆಸೇಜ್ ಬೇಕು ಅಂದರೆ ಮೆಸೇಜ್ ಮಾಡುವ ಸಂಭವ ಇರುವವರಿಗೆ ತೋರಿಸುತ್ತೆ. ಕೊಳ್ಳುವವರು ಬೇರೆ, ಲೈಕ್ ಒತ್ತುವವರು ಬೇರೆ. ಕಾಲೇಜಿನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಪೇಪರ್ ನಾನು ಎರಡು ಸಲ ಬರೆದವನು, ಆದರೂ ಅದರಲ್ಲಿ ತಲೆಗೆ ಹೋದದ್ದು ಇದೊಂದು: ಯಂತ್ರಕ್ಕೆ ಯಾವ ಗುರಿ ಕೊಡುತ್ತೀರೋ ಅದನ್ನೇ ಅದು ಹಿಂಬಾಲಿಸುತ್ತೆ, ನಿಮ್ಮ ಮನಸ್ಸಿನಲ್ಲಿ ಇದ್ದದ್ದನ್ನಲ್ಲ. ಪೋಸ್ಟಿನ ಕೆಳಗೆ ಕಾಣುವ ಬೂಸ್ಟ್ ಬಟನ್ ಸುಲಭ, ಹೌದು. ಒತ್ತುವ ಮೊದಲು ಉದ್ದೇಶ ಯಾವುದು, ಊರು ಯಾವುದು ಅಂತ ಓದಬೇಕು. ನೀವು ಫ್ರೀಲಾನ್ಸರ್ ಜತೆ ಮಾತಾಡುವಾಗ "ಎಷ್ಟು ಜನ ನೋಡ್ತಾರೆ" ಅಂತ ಕೇಳಬೇಡಿ. "ಎಷ್ಟು ಜನ ಫೋನ್ ಮಾಡ್ತಾರೆ, ಒಂದು ಫೋನಿಗೆ ಎಷ್ಟು ಖರ್ಚು" ಅಂತ ಕೇಳಿ. ಈ ಪ್ರಶ್ನೆಗೆ ಕೋಪ ಮಾಡಿಕೊಳ್ಳುವವನನ್ನು ಅಲ್ಲಿಗೇ ಬಿಡಬಹುದು.

ಪೋಸ್ಟುಗಳಲ್ಲಿ ಇನ್ನೊಂದು ಎಡವಟ್ಟಿತ್ತು. "ಥೈರಾಯ್ಡ್ ಗುಣಪಡಿಸುವ ಕೊಬ್ಬರಿ ಎಣ್ಣೆ" ಅಂತ ಎರಡು ಕಡೆ ಬರೆದಿದ್ದ. ಎಲ್ಲಿಂದಲೋ ಎತ್ತಿದ್ದು. ಆಹಾರ ಸುರಕ್ಷತಾ ಕಾಯ್ದೆ 2006ರ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಹಾಕಬಹುದು. ಬರೆದವನು ಯಾರೇ ಇರಲಿ, ಬಾಟಲಿ ಮೇಲೆ ಇರುವುದು ಅಣ್ಣನ ವಿಳಾಸ. ಅವತ್ತೇ ಅಳಿಸಬೇಕು ಅಂದರೆ ಪೇಜು ನಮ್ಮ ಕೈಯಲ್ಲಿಲ್ಲ.

ಅಸಲಿ ಸಮಸ್ಯೆ ಇಲ್ಲೇ ಇತ್ತು. ಪೇಜು ಶುರು ಮಾಡಿದ್ದು ಹುಡುಗನ ಅಕೌಂಟಿನಿಂದ. ಜಾಹೀರಾತು ಅಕೌಂಟು ಅವನದ್ದು. ಗೂಗಲ್ ಮ್ಯಾಪಿನಲ್ಲಿ ಗಾಣವನ್ನು ಸೇರಿಸಿದ್ದು ಅವನ ಇಮೇಲಿನಿಂದ. ವೆಬ್‌ಸೈಟಿನ ಹೆಸರು ನೋಂದಾಯಿಸಿದ್ದೂ ಅವನ ಹೆಸರಿನಲ್ಲಿ. ಅತ್ತಿಗೆ ನಂಬರ್ ಕೊಟ್ಟದ್ದಷ್ಟೇ. ಅಂಗಡಿ ಬಾಡಿಗೆಗೆ ತಗೊಂಡು ಅಗ್ರಿಮೆಂಟು, ಬೀಗದ ಕೈ ಎರಡನ್ನೂ ಪೇಂಟರ್ ಹತ್ತಿರ ಬಿಟ್ಟ ಹಾಗೆ.

ಆಗಬೇಕಿದ್ದದ್ದು ಉಲ್ಟಾ. ಮಾಲೀಕರು ತಮ್ಮದೇ ಇಮೇಲು, ತಮ್ಮದೇ ಫೋನ್ ನಂಬರಿನಿಂದ ಎಲ್ಲವನ್ನೂ ತೆರೆಯಬೇಕು. ಅಮೇಲೆ ಕೆಲಸ ಮಾಡುವವರನ್ನು ಒಳಗೆ ಸೇರಿಸಿಕೊಳ್ಳಬೇಕು. ಫೇಸ್‌ಬುಕ್ ಪೇಜಿನಲ್ಲಿ ಪೂರ್ತಿ ಹಿಡಿತ ಕೊಡದೆ ಪೋಸ್ಟ್ ಹಾಕಲು, ಜಾಹೀರಾತು ನಡೆಸಲು ಮಾತ್ರ ಅನುಮತಿ ಕೊಡಬಹುದು. ಗೂಗಲ್ ಬಿಸಿನೆಸ್ ಪ್ರೊಫೈಲಿನಲ್ಲಿ ಓನರ್ ಬೇರೆ, ಮ್ಯಾನೇಜರ್ ಬೇರೆ. ಹೊರಗಿನವರು ಮ್ಯಾನೇಜರ್ ಆದರೆ ಸಾಕು. ಪಾಸ್‌ವರ್ಡ್ ಹೇಳುವ ಅಗತ್ಯವೇ ಬರುವುದಿಲ್ಲ, ಕೆಲಸ ಮುಗಿದ ದಿನ ಹೆಸರು ತೆಗೆದರಾಯಿತು. ಜಾಹೀರಾತಿನ ದುಡ್ಡನ್ನು ಅವರ ಕೈಗೆ ಕೊಡದೆ ನಿಮ್ಮ ಅಕೌಂಟಿನಿಂದಲೇ ನೇರ ಕಟ್ಟಿ. ಆಗ ಎಷ್ಟು ಖರ್ಚಾಯಿತು ಅಂತ ನಿಮಗೇ ಕಾಣುತ್ತೆ. ಗಿರಾಕಿಗಳ ನಂಬರಿನ ಪಟ್ಟಿಯನ್ನಂತೂ ಯಾರಿಗೂ ಕಳಿಸಬೇಡಿ.

ಫೋಟೊ, ಲೋಗೊ ಯಾರ ಸ್ವತ್ತು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೊ, ವಿಡಿಯೊಗಳ ಹಕ್ಕು ಬೇರೆ ಒಪ್ಪಂದ ಇಲ್ಲದಿದ್ದರೆ ತೆಗೆಸಿದವರದ್ದೇ. ಫ್ರೀಲಾನ್ಸರ್ ಬರೆದ ಬರಹಕ್ಕೆ ಈ ನಿಯಮ ಇಲ್ಲ. ಅವನು ನಿಮ್ಮ ನೌಕರನಲ್ಲ, ಆದ್ದರಿಂದ ಹಕ್ಕು ಅವನ ಬಳಿಯೇ ಉಳಿಯುತ್ತೆ. ಲೋಗೊ ವಿಷಯದಲ್ಲೂ ಬರವಣಿಗೆಯಲ್ಲಿ ಸಹಿ ಹಾಕಿಸಿಕೊಳ್ಳುವುದೇ ಕ್ಷೇಮ. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಅಂತ ಓದಿಕೊಳ್ಳುತ್ತೆ. ಹಾಗಾಗಿ ಅದನ್ನೂ ಬರೆಸಿ.

ಇಷ್ಟೆಲ್ಲ ನೋಡಿದ ಮೇಲೆ ಹುಡುಗನಿಗೆ ನಾನೇ ಫೋನ್ ಮಾಡಿದೆ. ಮೂರನೇ ಸಲಕ್ಕೆ ಎತ್ತಿದ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿದವನು, ಏಳು ಗಿರಾಕಿಗಳನ್ನು ಒಬ್ಬನೇ ನೋಡಿಕೊಳ್ಳುತ್ತಿದ್ದಾನೆ. ಅದರಲ್ಲಿ ಮೂವರು ಬಾಕಿ ಇಟ್ಟಿದ್ದಾರೆ. "ಸರ್, ಪೇಜು ಬಿಟ್ಟುಕೊಟ್ರೆ ನನ್ನ ಕೈಲಿ ಏನಿರುತ್ತೆ ಹೇಳಿ" ಅಂದ. ನನಗೆ ಉತ್ತರ ಹೊಳೆಯಲಿಲ್ಲ. ಪತ್ರಿಕೆ ಕೆಲಸ ಸಿಗುವ ಮೊದಲು ನಾನೂ ಎರಡು ವರ್ಷ ಕಂಪನಿಗಳಿಗೆ ಬರೆದುಕೊಟ್ಟು ಬದುಕಿದವನು. ಒಬ್ಬರಿಂದ ಬರಬೇಕಾದ 18,000 ಇವತ್ತಿಗೂ ಬಂದಿಲ್ಲ.

ಆದರೆ ಅವನಿಗೊಂದು ದಾರಿ ಇತ್ತು, ಅವನಿಗೆ ಗೊತ್ತಿರಲಿಲ್ಲ. ಫ್ರೀಲಾನ್ಸರ್ ಉದ್ಯಮ್ ನೋಂದಣಿ ಮಾಡಿಸಿಕೊಂಡಿದ್ದರೆ ಸೂಕ್ಷ್ಮ ಉದ್ಯಮದ ಲೆಕ್ಕಕ್ಕೆ ಬರುತ್ತಾನೆ. ಆಗ ಕೆಲಸ ಒಪ್ಪಿಕೊಂಡವರು ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು, ಇಲ್ಲದಿದ್ದರೆ ಬಡ್ಡಿ ಬೀಳುತ್ತೆ. ಆನ್‌ಲೈನಿನಲ್ಲೇ ದೂರು ಕೊಡಬಹುದು. ಪೇಜನ್ನು ಒತ್ತೆ ಇಟ್ಟುಕೊಳ್ಳುವುದಕ್ಕಿಂತ ಇದು ಮರ್ಯಾದೆಯ ದಾರಿ.

ಕೊನೆಗೆ ಅರ್ಧಕ್ಕೆ ಮಾತಾಯಿತು. ಅಣ್ಣ 7,500 ಕೊಟ್ಟ, ಹುಡುಗ ಪೇಜು, ಮ್ಯಾಪು, ವೆಬ್‌ಸೈಟಿನ ಹೆಸರು ಎಲ್ಲವನ್ನೂ ಬಿಟ್ಟುಕೊಟ್ಟ. ಅಣ್ಣನಿಗೆ ಇನ್ನೂ ಸಿಟ್ಟಿದೆ. ಮಾತೇ ಬರೆದಿಟ್ಟಿರಲಿಲ್ಲ, ಯಾರು ಸರಿ ಅಂತ ಹೇಳೋದು ಹೇಗೆ? ಹತ್ತು ಸಾಲಿನ ಒಂದು ಇಮೇಲ್ ಸಾಕಿತ್ತು: ತಿಂಗಳಿಗೆ ಎಷ್ಟು ಪೋಸ್ಟು, ಎಷ್ಟು ಸಲ ತಿದ್ದಿಕೊಡಬೇಕು, ಜಾಹೀರಾತಿನ ದುಡ್ಡು ಯಾರದ್ದು, ಫೀಸು ಯಾವ ತಾರೀಕಿಗೆ, ಬಿಡುವುದಾದರೆ ಎಷ್ಟು ದಿನ ಮೊದಲು ಹೇಳಬೇಕು, ಬಿಡುವಾಗ ಏನೇನು ಒಪ್ಪಿಸಬೇಕು. ಎಣ್ಣೆ ಮಾರಾಟವಾದರೆ ಮಾತ್ರ ಫೀಸು ಅಂತ ಅಣ್ಣನ ಮನಸ್ಸಿನಲ್ಲಿತ್ತು. ಪೋಸ್ಟ್ ಹಾಕಿದ್ದಕ್ಕೆ ಫೀಸು ಅಂತ ಹುಡುಗನ ಮನಸ್ಸಿನಲ್ಲಿತ್ತು. ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ.

ಹಾಗಂತ ಹೊರಗಿನವರ ಸಹಾಯವೇ ಬೇಡ ಅಂತಲ್ಲ. ಅತ್ತಿಗೆ ತೆಗೆದ ಫೋಟೊದಲ್ಲಿ ಬಾಟಲಿಗಿಂತ ಹಿಂದಿನ ಎಮ್ಮೆಯೇ ಚೆನ್ನಾಗಿ ಕಾಣುತ್ತಿತ್ತು. ತಿಪಟೂರಿನಲ್ಲೇ ಮದುವೆ ಫೋಟೊ ಎಡಿಟ್ ಮಾಡುವ ಒಬ್ಬ ಹುಡುಗಿ ಸಿಕ್ಕಳು. ತಿಂಗಳ ಲೆಕ್ಕವಲ್ಲ, ಒಂದೇ ಸಲದ ಕೆಲಸ: ಇಪ್ಪತ್ತು ಫೋಟೊ, ಗಾಣ ತಿರುಗುವ ಎರಡು ಸಣ್ಣ ವಿಡಿಯೊ, ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್, ಮ್ಯಾಪಿನಲ್ಲಿ ಸರಿಯಾದ ಜಾಗ. 8,000 ರೂಪಾಯಿ, ಅರ್ಧ ಮುಂಗಡ, ಅರ್ಧ ಮುಗಿದ ಮೇಲೆ. 67 ಲೀಟರ್ ಹೆಚ್ಚಿಗೆ ಮಾರಿದರೆ ವಾಪಸ್ ಬರುವ ದುಡ್ಡು. ಉಳಿದದ್ದು ಅತ್ತಿಗೆಯೇ ಮಾಡುತ್ತಾರೆ. ಎಣ್ಣೆ ಒಯ್ದು 25 ದಿನವಾದ ಮನೆಗೆ "ಎಣ್ಣೆ ಆಯ್ತಾ, ಕಳಿಸ್ಲಾ?" ಅಂತ ಒಂದು ಮೆಸೇಜ್. ಹಳೇ ಗಿರಾಕಿಗಳಿಗೆ, ನಿಮ್ಮ ಪರಿಚಯದ ಒಂದು ಮನೆ ಹೇಳಿ ಅಂತ ಒಂದು ಕೋರಿಕೆ. ಒಂದು ಸೂಕ್ಷ್ಮ ಇದೆ: ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಷ್ಟೇ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತೆ. ಹಾಗಾಗಿ ಬಾಟಲಿ ಕೊಡುವಾಗಲೇ "ನಂಬರ್ ಸೇವ್ ಮಾಡ್ಕಳಿ" ಅನ್ನುತ್ತಾರೆ.

ನಾಲ್ಕು ತಿಂಗಳಲ್ಲಿ 38 ಹೊಸ ಮನೆ ಸಿಕ್ಕವು, ಅದರಲ್ಲಿ 9 ಮನೆಯವರು ರೇಟು ಜಾಸ್ತಿ ಅಂತ ಬಿಟ್ಟರು. ಈಗ ತಿಂಗಳಿಗೆ 240 ಲೀಟರ್ ಹತ್ತಿರ ಹೋಗುತ್ತಿದೆ. ಸಂಘದ ಕಂತು ಇನ್ನೂ ಏಳು ತಿಂಗಳು ಇದೆ. ಹೋದ ವಾರ ಊರಿಗೆ ಹೋದಾಗ ಅತ್ತಿಗೆ ಹಾಲಿನ ಲೆಕ್ಕದ ಪುಸ್ತಕದ ಕೊನೆ ಪುಟ ತೋರಿಸಿದರು. ಇಮೇಲು, ಪೇಜು, ಮ್ಯಾಪು, ವೆಬ್‌ಸೈಟು, ಎಲ್ಲದರ ಪಾಸ್‌ವರ್ಡು ಅಲ್ಲಿ ಸಾಲಾಗಿ ಬರೆದಿದ್ದಾರೆ. ಹಾಗೆ ಬರೆದಿಡಬಾರದು ಅಂದೆ. "ಓಟಿಪಿ ನನ್ನ ಫೋನಿಗೇ ಬರೋದು, ನೀನು ಸುಮ್ನೆ ಕಾಫಿ ಕುಡಿ" ಅಂದರು.